ಅಮ್ಮಾವ್ರೇ, ಯಾರೋ ಬಂದಿದಾರೆ

ಜನವರಿ 11

ಪ್ರೀತಿಯ ತಟ್ಟೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಒಲೆಗೆ ಹಾಕುವ ಮೊದಲು ಒಂದೇ ಒಂದು ಸಲ ಓದು. ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅಷ್ಟು ಸಲುಗೆಯಾದರೂ ಉಳಿದಿರಬಹುದು ಎಂದುಕೊಂಡಿದ್ದೇನೆ. ಉಳಿದಿಲ್ಲದಿದ್ದರೂ ಓದು.

ಸುದ್ದಿ ಏನೆಂದರೆ, ನಾನು ಮತ್ತೆ ನಾಟಕ ಮಾಡುತ್ತಿದ್ದೇನೆ. ನಗಬೇಡ. ಅರವತ್ತಮೂರನೇ ವಯಸ್ಸಿಗೆ ಬೇರೆಯವರು ಮೊಮ್ಮಕ್ಕಳಿಗೆ ಸ್ವೆಟರು ಹೆಣೆಯುತ್ತಾರೆ, ನಾನು ಮಾತು ಬಾಯಿಪಾಠ ಮಾಡುತ್ತಿದ್ದೇನೆ. ನಾವಿಬ್ಬರೂ ಬಣ್ಣ ಹಚ್ಚಲು ಶುರು ಮಾಡಿದ ಅದೇ ಥಿಯೇಟರು. ಹಿಂಬಾಗಿಲ ಮೂರನೇ ಮೆಟ್ಟಿಲು ಇನ್ನೂ ಅಲ್ಲಾಡುತ್ತದೆ. ನನ್ನದು ಒಂದು ದೊಡ್ಡ ಮನೆಯ ಯಜಮಾನಿಯ ಪಾತ್ರ. ಎರಡು ಗಂಟೆ ಕುರ್ಚಿಯಿಂದ ಏಳದೆ ಮಗ, ಸೊಸೆ, ಅಳಿಯ ಎಲ್ಲರ ಬೆಂಡೆತ್ತುವುದು. ನಿರ್ದೇಶಕಿ ಮೂವತ್ತು ದಾಟದ ಹುಡುಗಿ, ಯಾವಾಗಲೂ ಕಿವಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಾಳೆ. ಮೊದಲ ಪ್ರದರ್ಶನ ಏಪ್ರಿಲ್ ಆರಕ್ಕೆ, ಸಂಜೆ ಆರೂವರೆಗೆ.

ಈಗ ಕಷ್ಟ ಕೇಳು. ತಾಲೀಮು ಎಷ್ಟು ಹೊತ್ತಿಗೆ ಎಂದು ತಿಳಿಯಲು ನಿನ್ನೆ ಥಿಯೇಟರಿಗೆ ಫೋನ್ ಮಾಡಿದೆ. ಟಿಕೆಟ್ ಕೊಡುವ ಗುಮಾಸ್ತ ಎತ್ತಿದ.

"ಯಾರು ಮಾತಾಡ್ತಿರೋದು?"

"ನಾನೇ ಕಣಪ್ಪ."

"ನಾನೇ ಅಂದ್ರೆ?"

ಹೆಸರು ಹೇಳಿದೆ. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿತು. "ನೋಡಿ ಅಮ್ಮಾ, ಅವರ ಹಾಗೆ ಮಾತಾಡ್ತೀನಿ ಅಂತ ದಿನಕ್ಕೆ ನಾಲ್ಕು ಜನ ಫೋನ್ ಮಾಡ್ತಾರೆ. ಬೇಜಾರು ಮಾಡ್ಕೋಬೇಡಿ, ಅವರೆಲ್ಲ ನಿಮಗಿಂತ ಚೆನ್ನಾಗೇ ಮಾಡ್ತಾರೆ" ಎಂದು ಇಟ್ಟೇಬಿಟ್ಟ!

ಜನ ಬರುವುದು ಸಿನಿಮಾದಲ್ಲಿ ಕೇಳಿದ ದನಿಗೋಸ್ಕರ. ಆ ದನಿ ಇರುವುದು ನಿನ್ನ ಗಂಟಲಲ್ಲಿ. ನನ್ನ ಗಂಟಲಲ್ಲಿ ಇರುವುದು ತುಕ್ಕು ಹಿಡಿದ ಗೇಟು. ನಾನು ಬಾಯಿ ತೆರೆದದ್ದೇ ಹಿಂದಿನ ಸಾಲಿನಲ್ಲಿ ಯಾರಾದರೂ ಒಬ್ಬರು ಕಿಸಕ್ಕೆಂದರೆ ಮುಗಿಯಿತು, ನಲವತ್ತು ವರ್ಷದ ಹೆಸರು ಆ ಕುರ್ಚಿಯಲ್ಲೇ ಹೋಯಿತು.

ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ರಂಗದ ಮೇಲೆ ನನ್ನ ಕುರ್ಚಿಯ ಹಿಂದೆ ಒಂದು ದೊಡ್ಡ ಮರದ ಬೀರು ಇದೆ. ನೀನು ಅದರೊಳಗೆ ಕೂತು ಮೈಕಿನಲ್ಲಿ ಮಾತಾಡು, ನಾನು ತುಟಿ ಆಡಿಸುತ್ತೇನೆ. ಇಪ್ಪತ್ತಾರು ವರ್ಷ ಮಾಡಿದ್ದೇ ತಾನೇ? ಗಾಳಿಗೆ ಹಿಂದುಗಡೆ ನಾಲ್ಕು ತೂತು ಕೊರೆಸುತ್ತೇನೆ. ದಿಂಬೂ ಇಡಿಸುತ್ತೇನೆ.

ನಿನ್ನ ಹಳೇ ಗೆಳತಿ,
ಕಿರೀಟ

*

ಜನವರಿ 19

ಮಾನ್ಯರೇ,

ತಮ್ಮ ಪತ್ರ ತಲುಪಿತು. ನನ್ನ ನಾದಿನಿಗೂ ಓದಿ ಹೇಳಿದೆ. ಅವಳಿಗೆ ಕಿವಿ ಕೇಳಿಸುವುದಿಲ್ಲವಾದ್ದರಿಂದ ಕೂಗಿ ಓದಬೇಕು. ಹಾಗೆ ಕೂಗುವ ಮೊದಲು ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ ಬಂದೆ. ತಮ್ಮ ಗುಟ್ಟನ್ನು ಇವತ್ತಿಗೂ ಕಾಯುತ್ತಿರುವ ಪುಣ್ಯಾತ್ಗಿತ್ತಿ ನಾನೇ ಎಂದು ತಿಳಿಸಲು ಇದನ್ನು ಬರೆದೆ.

ಬೀರುವಿನೊಳಗೆ ಕೂರಲು ಕರೆದಿದ್ದೀರಿ. ದಿಂಬಿನ ವಿಷಯ ಓದಿ ಕಣ್ಣಲ್ಲಿ ನೀರು ಬಂತು.

ತಮಗೆ ಮರೆವು ಜಾಸ್ತಿ, ಆದ್ದರಿಂದ ನೆನಪಿಸುತ್ತೇನೆ. ಒಂದೇ ನಾಟಕ ಕಂಪನಿಯಲ್ಲಿ ತಾವು ರಟ್ಟಿನ ಕಿರೀಟ ಇಟ್ಟುಕೊಂಡು ರಾಣಿಯಾಗಿದ್ದಿರಿ, ನಾನು ತಟ್ಟೆ ಹಿಡಿದು ಬರುವ ದಾಸಿಯಾಗಿದ್ದೆ. ನಮ್ಮಿಬ್ಬರಿಗೆ ಕಂಪನಿಯವರು ಇಟ್ಟ ಹೆಸರೂ ಅದರಿಂದಲೇ ಬಂತು. ಹನ್ನೊಂದು ವರ್ಷದಲ್ಲಿ ನನಗಿದ್ದದ್ದು ಒಂದೇ ಮಾತು: "ಅಮ್ಮಾವ್ರೇ, ಯಾರೋ ಬಂದಿದಾರೆ." ನಾಟಕ ಯಾವುದೇ ಇರಲಿ, ಯಾರೋ ಬರುತ್ತಿದ್ದರು. ಕೊನೆಯ ಸಾಲಿಗೆ ಕೇಳಿಸಬೇಕೆಂದು ಕಿರುಚಿ ಕಿರುಚಿ ತಾವು ಗಂಟಲು ಕಳೆದುಕೊಂಡಿರಿ. ಆಮೇಲೆ ಸಿನಿಮಾದವರು ಬಂದರು. ಮುಖ ನೋಡಿ ಮರುಳಾದರು, ದನಿ ಕೇಳಿ ಕಿವಿ ಮುಚ್ಚಿಕೊಂಡರು. ತಾವು ನನ್ನ ಕೈ ಹಿಡಿದು "ನನ್ನ ದನಿ ಹೇಗಿತ್ತು ಅಂತ ನಿನಗೊಬ್ಬಳಿಗೇ ಗೊತ್ತು ಕಣೇ" ಎಂದು ಅತ್ತಿರಿ. ಕತ್ತಲೆ ಕೋಣೆಯಲ್ಲಿ ನಿಂತು, ತೆರೆಯ ಮೇಲೆ ತಮ್ಮ ತುಟಿ ನೋಡುತ್ತಾ, ಇಪ್ಪತ್ತು ವರ್ಷದ ಹುಡುಗಿಯಾಗಿದ್ದಾಗ ತಮಗಿದ್ದ ದನಿಯಲ್ಲಿ ನಲವತ್ತೊಂದು ಸಿನಿಮಾ ಮಾತಾಡಿದೆ. ಹೊರಗೆ ಬಾಯಿ ಬಿಡಬಾರದು ಎಂದು ಬರೆಸಿಕೊಂಡರು. ಬಿಡಲಿಲ್ಲ. ಒಂದರಲ್ಲೂ ನನ್ನ ಹೆಸರು ಬರಲಿಲ್ಲ.

ಒಂಬತ್ತು ವರ್ಷದ ಹಿಂದೆ ತಮಗೆ ಆ ದೊಡ್ಡ ಪ್ರಶಸ್ತಿ ಬಂತು. ಅವತ್ತೂ ತಮಗೆ ಶೀತ. ಇಪ್ಪತ್ತಾರು ವರ್ಷದಿಂದ ಬಿಡದ ಶೀತ! ತಾವು ಬರೆದು ತಂದ ಚೀಟಿಯನ್ನು ನಿರೂಪಕ ಓದಿದ. ಮೇಕಪ್ಪಿನವನಿಗೆ ಧನ್ಯವಾದ. ಕಾರಿನ ಡ್ರೈವರಿಗೆ ಧನ್ಯವಾದ. ತಮ್ಮ ನಾಯಿಗೆ ಧನ್ಯವಾದ. ನಾನು ನಾಲ್ಕನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ತುದಿಯಲ್ಲಿ ಕೂತಿದ್ದೆ, ಹೆಸರು ಕರೆದರೆ ಎದ್ದು ನಿಲ್ಲಲು ಅನುಕೂಲವಾಗಲಿ ಎಂದು. ನಾಯಿ ಬಂದಿರಲಿಲ್ಲ.

ಬೀರುವಿನಲ್ಲಿ ನಾಯಿಯನ್ನೇ ಕೂರಿಸಿಕೊಳ್ಳಿ.

ಇಂತಿ,
ತಮ್ಮ ಗಂಟಲಾಗಿದ್ದವಳು

*

ಫೆಬ್ರವರಿ 2

ಪ್ರೀತಿಯ ತಟ್ಟೆ,

ನಾಯಿ ಸತ್ತು ಏಳು ವರ್ಷವಾಯಿತು. ಇದ್ದಿದ್ದರೂ ನಿನ್ನಷ್ಟು ಜೋರಾಗಿ ಕಚ್ಚುತ್ತಿರಲಿಲ್ಲ.

ಬೀರು ಬೇಡ, ಬಿಡು. ನಿರ್ದೇಶಕಿಗೆ ಸೂಕ್ಷ್ಮವಾಗಿ ಹೇಳಿ ನೋಡಿದೆ. ಆ ಬೀರುವಿನಿಂದ ಮೊದಲ ಅಂಕದಲ್ಲೇ ಅಳಿಯ ಕೋಟು ತೆಗೆದುಕೊಳ್ಳುತ್ತಾನಂತೆ. ಹಾಗಿದ್ದರೆ ಇಷ್ಟಾದರೂ ಮಾಡು: ನನ್ನ ದನಿಯನ್ನು ನನಗೆ ಕಲಿಸಿಕೊಡು. ನನ್ನಿಂದ ಕಲಿತವಳು ನೀನು. ಈಗ ವಾಪಸ್ಸು ಕೊಡು.

ಆಗುವುದಿಲ್ಲ ಎನ್ನುವ ಮೊದಲು ಇದನ್ನೂ ಕೇಳು. ಹೋದ ವಾರ ಒಂದು ಪುಸ್ತಕದಂಗಡಿ ಉದ್ಘಾಟನೆಗೆ ಹೋಗಿದ್ದೆ. ಎಂದಿನಂತೆ ಕೈಮುಗಿದು, ನಕ್ಕು, ಸುಮ್ಮನಿದ್ದೆ. ನಾನು ಸಭೆಯಲ್ಲಿ ಮಾತಾಡದಿರುವುದನ್ನು ಜನ ವಿನಯ ಎಂದುಕೊಂಡಿದ್ದಾರೆ. ಒಬ್ಬ ಹೆಂಗಸು ಓಡಿ ಬಂದು ನನ್ನ ಎರಡೂ ಕೈ ಹಿಡಿದಳು. ನಿಮ್ಮ ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ!

"ಮೇಡಂ, ನೀವು ಫೋನ್ ಮಾಡಿ ಬೈದ ಮಾರನೇ ದಿನವೇ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಹಾಕಿಸಿಬಿಟ್ಟೆ. ಆ ಬೈಗುಳ ನನ್ನ ಭಾಗ್ಯ."

ನಾನು ಯಾವ ಶಾಲೆಗೂ ಫೋನ್ ಮಾಡಿಲ್ಲ ಕಣೇ. ಆಮೇಲೆ ಅವಳೇ ಹೇಳಿದಳು, ಊರಿನ ಆಸ್ಪತ್ರೆಯಲ್ಲಿ ಯಾರಿಗೋ ಕಿಟಕಿ ಪಕ್ಕದ ಹಾಸಿಗೆ ಕೊಡಿಸಿದ್ದೂ ನಾನಂತೆ. ಬಸ್ಸು ನಿಮ್ಮ ಬೀದಿಯ ತಿರುವಿನಲ್ಲಿ ನಿಲ್ಲುವಂತೆ ಮಾಡಿದ್ದೂ ನಾನಂತೆ. ನಿಮ್ಮ ಬೀದಿಯ ಮೇಲೆ ನನಗೆ ಎಷ್ಟೊಂದು ಪ್ರೀತಿ!

ಉತ್ತರಕ್ಕೆ ಕಾಯುತ್ತಿರುವ,
ಕಿರೀಟ

*

ಫೆಬ್ರವರಿ 9

ಕಿರೀಟಮ್ಮನವರಿಗೆ,

ಹೌದು. ನಾನೇ. ಈಗ ಏನು ಮಾಡಬೇಕೆಂದಿದ್ದೀಯ?

ನೀನು ಎಂದು ನಾನು ಒಂದು ಸಲವೂ ಹೇಳಿಲ್ಲ. "ನಾನು ಮಾತಾಡ್ತಿದೀನಿ" ಎಂದಷ್ಟೇ ಹೇಳಿದ್ದು. ಉಳಿದದ್ದನ್ನು ಅವರೇ ಅಂದುಕೊಂಡರು. ಅವರು ಎದ್ದು ನಿಂತು ಮಾತಾಡುವುದು ಫೋನಿನಲ್ಲೇ ಗೊತ್ತಾಗುತ್ತಿತ್ತು. ನಾದಿನಿಗೆ ಉಸಿರಾಡಲು ಕಷ್ಟವಾಗಿ ಆಸ್ಪತ್ರೆಯ ಮೂಲೆಯಲ್ಲಿ ಹಾಕಿದ್ದರು. ನಾನು ಎದುರು ನಿಂತು, ದನಿ ಗುರುತು ಸಿಗದಂತೆ ಪಿಸುಗುಟ್ಟಿ ಕೇಳಿದರೆ ನರ್ಸು ತಲೆ ಎತ್ತಲಿಲ್ಲ. ಹೊರಗೆ ಹೋಗಿ ಫೋನ್ ಮಾಡಿದೆ, ಹತ್ತು ನಿಮಿಷದಲ್ಲಿ ಕಿಟಕಿ ಸಿಕ್ಕಿತು. ಮೊಮ್ಮಗಳು ಚಿಲಕವಿಲ್ಲದ ಬಾಗಿಲಿಗೆ ಹೆದರಿ ದಿನವಿಡೀ ನೀರು ಕುಡಿಯುತ್ತಿರಲಿಲ್ಲ. ನನ್ನ ಮುಖ ತೋರಿಸಿ ಬೇಡಿದರೆ ಆಗದ್ದು ಮುಖ ತೋರಿಸದೆ ಆಗುತ್ತದೆ ಎಂದು ಕಲಿಸಿದ್ದು ನೀವೇ, ಸಿನಿಮಾದವರು.

ಸರಿ, ಸಿಕ್ಕಿಬಿದ್ದಿದ್ದೇನೆ, ಪಾಠ ಹೇಳುತ್ತೇನೆ.

ಮೊದಲು, ಸಿಟ್ಟಿನ ಮಾತಿಗೆ ಮುಂಚೆ ಮೂಗಿನಿಂದ ಉಸಿರು ತೆಗೆದುಕೋ. ನಿನಗೆ ಸಿಟ್ಟು ಬರುವುದು ಗಂಟಲಲ್ಲಿ ಅಲ್ಲ, ಎಡಭುಜದಲ್ಲಿ. ಅದು ಒಂದು ಬೆರಳಷ್ಟು ಏರಿದ ಮೇಲೆ ಮಾತು ಬರುತ್ತದೆ. ಪ್ರೀತಿಯ ಮಾತಿನ ಕೊನೆಯಲ್ಲಿ ನೀನು ದನಿ ಇಳಿಸುವುದಿಲ್ಲ, ಬಿಟ್ಟುಬಿಡುತ್ತೀಯ, ಕೈಯಿಂದ ಕರವಸ್ತ್ರ ಜಾರಿದ ಹಾಗೆ. ಅಳುವಾಗ ಮೊದಲು ನಗುತ್ತೀಯ. ಇಪ್ಪತ್ತಾರು ವರ್ಷ ನಿನ್ನ ತುಟಿ ನೋಡಿದ್ದೇನೆ, ನನ್ನ ಗಂಡನ ಮುಖವನ್ನೂ ಅಷ್ಟು ನೋಡಲಿಲ್ಲ. ಇವತ್ತಿಗೂ ಟೀವಿಯಲ್ಲಿ ನಿನ್ನ ಸಿನಿಮಾ ಬಂದರೆ ನನ್ನ ಬಾಯಿ ತಾನಾಗಿ ಮಾತಾಡಲು ಶುರು ಮಾಡುತ್ತದೆ. ನಾದಿನಿ ಬೀಸಣಿಗೆಯಲ್ಲಿ ಬಾರಿಸಿ ನಿಲ್ಲಿಸುತ್ತಾಳೆ.

ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡು. ಉಪ್ಪುನೀರು ಮುಕ್ಕಳಿಸು.

ತಟ್ಟೆ

(ಪ್ರೀತಿಯ ತಟ್ಟೆ ಅಲ್ಲ. ಬರೀ ತಟ್ಟೆ.)

*

ಫೆಬ್ರವರಿ 27

ಪ್ರೀತಿಯ ಬರೀ ತಟ್ಟೆ,

ಹದಿನೈದು ದಿನ ನಿನ್ನ ಪಾಠ ಮಾಡಿದೆ. ಮೂಗಿನಿಂದ ಉಸಿರು ತೆಗೆದುಕೊಂಡೆ. ಭುಜ ಏರಿಸಿದೆ. ಮೇಲಿನ ಮನೆಯವರು ಬಂದು, ಬೆಕ್ಕೇನಾದರೂ ಎಲ್ಲಾದರೂ ಸಿಕ್ಕಿಕೊಂಡಿದೆಯೇ, ಹುಡುಕಲು ಸಹಾಯ ಮಾಡಲೇ ಎಂದು ವಿಚಾರಿಸಿದರು.

ಇದುವರೆಗೆ ತಾಲೀಮಿನಲ್ಲೂ ಶೀತವೆಂದು ಪಿಸುಗುಟ್ಟುತ್ತಿದ್ದೆ, ಮೊನ್ನೆ ಎಲ್ಲರೆದುರು ಆ ದನಿ ತೆಗೆದೆ. ಸೊಸೆಯ ಪಾತ್ರದವಳು ತುಟಿ ಕಚ್ಚಿಕೊಂಡಳು. ನಿರ್ದೇಶಕಿ ಕಿವಿಯಿಂದ ಪೆನ್ಸಿಲು ತೆಗೆದಳು.

"ಮೇಡಂ, ತಪ್ಪು ತಿಳ್ಕೋಬೇಡಿ. ಯಾಕೆ ನಿಮ್ಮನ್ನ ನೀವೇ ಅಣಕಿಸ್ತಿದೀರಿ?"

ನನಗೆ ಎಲ್ಲಿತ್ತೋ ಸಿಟ್ಟು, ನನ್ನ ನಿಜವಾದ ದನಿಯಲ್ಲೇ ಹತ್ತು ನಿಮಿಷ ಬೈದೆ. ಅವಳನ್ನು, ಸೊಸೆಯನ್ನು, ಬೆಳಕು ಬಿಡುವವನನ್ನು, ಯಾರನ್ನೂ ಬಿಡಲಿಲ್ಲ. ಬೈದು ಮುಗಿಸಿ ನೋಡುತ್ತೇನೆ, ಆ ಹುಡುಗಿ ಕಣ್ಣರಳಿಸಿಕೊಂಡು ನಿಂತಿದ್ದಾಳೆ. "ಇದೇ! ಇದೇ ನನಗೆ ಬೇಕಾಗಿರೋದು! ಈ ಗಂಟಲಲ್ಲಿ ಒಂದು ಮನೆಯ ಐವತ್ತು ವರ್ಷ ಇದೆ ಮೇಡಂ." ಈಗ ಇದೇ ಗೇಟಿನ ಸದ್ದಿನಲ್ಲಿ ಎರಡು ಗಂಟೆ ಮಾತಾಡಬೇಕಂತೆ. ಅವಳಿಗೇನು, ಹಿಂದಿನ ಸಾಲಿನವರು ನಕ್ಕರೆ ನಗುವುದು ನನ್ನನ್ನು ನೋಡಿ.

ತಟ್ಟೆ, ಒಂದು ವಿಷಯ ಹೇಳಬೇಕು. ಆ ಪ್ರಶಸ್ತಿಯ ಚೀಟಿಯಲ್ಲಿ ನಿನ್ನ ಹೆಸರು ಇತ್ತು. ಕೊನೆಯ ಸಾಲು. ನಿರೂಪಕನಿಗೆ ಕೊಡುವ ಮೊದಲು ಮೆಟ್ಟಿಲ ಹತ್ತಿರ ನಿಂತು ಆ ಸಾಲನ್ನು ಹರಿದೆ. ಎಸೆಯಲು ಜಾಗ ಕಾಣಲಿಲ್ಲ, ಎಲ್ಲ ಕಡೆ ಕ್ಯಾಮೆರಾ. ಬಾಯಿಗೆ ಹಾಕಿಕೊಂಡು ನುಂಗಿದೆ. ನಿಜವಾಗಿ ನುಂಗಿದೆ ಕಣೇ, ಒಳ್ಳೆ ದಪ್ಪ ಕಾಗದ. ನಿನ್ನ ಹೆಸರು ಹೇಳಿದರೆ ನಾನು ಬರೀ ಮುಖವಾಗಿಬಿಡುತ್ತೇನೆ ಎಂದು ಹೆದರಿದೆ. ನಾಲ್ಕನೇ ಸಾಲಿನಲ್ಲಿ ನೀನು ತುದಿಗೆ ಕೂತಿದ್ದನ್ನು ನೋಡಿದ್ದೆ. ತಪ್ಪಾಯಿತು. ಒಂಬತ್ತು ವರ್ಷದಿಂದ ಅದು ಗಂಟಲಲ್ಲೇ ಇದೆ, ಡಾಕ್ಟರಿಗೂ ಕಾಣಿಸುವುದಿಲ್ಲ.

ಇನ್ನೊಂದು. ನಾಟಕದಲ್ಲಿ ಮನೆಕೆಲಸದವಳ ಪಾತ್ರ ಮಾಡುತ್ತಿದ್ದವಳು ಆ ಮೂರನೇ ಮೆಟ್ಟಿಲಿನಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾಳೆ. ಚಹಾದ ತಟ್ಟೆ ತಂದು ಒಂದು ಮಾತು ಹೇಳಬೇಕು. ಯಾವ ಮಾತು ಎಂದು ನಾನು ಹೇಳಬೇಕಾಗಿಲ್ಲ. ನೀನು ಬರುತ್ತೀಯಾ?

ಕಿರೀಟ

*

ಮಾರ್ಚ್ 8

ಕಿರೀಟ,

ಕಾಗದ ನುಂಗಿದ ವಿಷಯ ಓದಿ ನಾದಿನಿಗೆ ಕೂಗಿ ಹೇಳಿದೆ. ಅವಳು ನಕ್ಕು ನಕ್ಕು ಕೆಮ್ಮಿದಳು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಚೀಟಿಯಲ್ಲಿ ನನ್ನ ಹೆಸರು ಇತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲವಲ್ಲ. ನೀನು ಅದನ್ನು ಬರೆಯಲೇ ಇಲ್ಲ ಎಂದು ಒಂಬತ್ತು ವರ್ಷ ಅಂದುಕೊಂಡಿದ್ದೆ.

ಅಳು ಮುಗಿದ ಮೇಲೆ ಸಿಟ್ಟು ಬಂತು. ಮತ್ತೆ ತಟ್ಟೆಯಾ? ಅರವತ್ತೊಂದು ವರ್ಷಕ್ಕೆ ಮತ್ತೆ ಅದೇ ತಟ್ಟೆ, ಅದೇ ಮಾತು?

ಆಮೇಲೆ ಇನ್ನೊಂದು ಯೋಚನೆ ಬಂತು, ಅದಕ್ಕೆ ಬರೆಯುತ್ತಿದ್ದೇನೆ. ಕಂಪನಿಯಲ್ಲಿದ್ದಾಗ ನನ್ನ ದನಿ ಯಾರಿಗೂ ಗೊತ್ತಿರಲಿಲ್ಲ. ಈಗ ಇಷ್ಟು ವರ್ಷ ಮಾತಾಡಿ ಮಾತಾಡಿ ನನಗೆ ಬೇರೆ ದನಿಯೇ ಉಳಿದಿಲ್ಲ, ತರಕಾರಿ ಕೇಳಿದರೂ ಜನ ತಿರುಗಿ ನೋಡುತ್ತಾರೆ. ನಾನು ಆ ಒಂದು ಮಾತು ಹೇಳಿದರೆ ಸಾಕು, ಕೂತವರಿಗೆಲ್ಲ ಗೊತ್ತಾಗುತ್ತದೆ. ನಲವತ್ತೊಂದು ಸಿನಿಮಾ ಯಾರದ್ದು ಎಂದು ಗೊತ್ತಾಗುತ್ತದೆ. ನಿನ್ನ ಹೆಸರಿಗೆ ನೀನೇ ಬೆಂಕಿ ಇಟ್ಟುಕೊಳ್ಳುತ್ತಿದ್ದೀಯ. ಯೋಚನೆ ಮಾಡಿದ್ದೀಯಾ?

ತಟ್ಟೆ

*

ಮಾರ್ಚ್ 12

ಯೋಚನೆ ಮಾಡಿದ್ದೇನೆ. ತಟ್ಟೆ ತೊಳೆದಿಟ್ಟಿದ್ದೇನೆ. ಬಾ.

ಕಿರೀಟ

*

ಏಪ್ರಿಲ್ 7

ಪ್ರೀತಿಯ ತಟ್ಟೆ,

ನಾನು ಎದ್ದು ನೋಡುವಷ್ಟರಲ್ಲಿ ಬೆಳಗಿನ ಬಸ್ಸಿಗೆ ಹೊರಟೇಹೋಗಿದ್ದೀಯ. ನಾದಿನಿಯ ಬೀಸಣಿಗೆ ಇಲ್ಲೇ ಉಳಿದಿದೆ. ಮಾತಾಡಬೇಕಾದ್ದೆಲ್ಲ ಬಾಕಿ ಇದೆ, ಅದಕ್ಕೆ ಬರೆಯುತ್ತೇನೆ. ನೀನು ನಿಂತ ಜಾಗದಿಂದ ನಿನಗೆ ಕಂಡದ್ದು ನನ್ನ ತುಟಿ ಒಂದೇ ಎಂದು ಗೊತ್ತು. ಕುರ್ಚಿಯಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲ ಇಪ್ಪತ್ತು ನಿಮಿಷ ನಾನು ಸತ್ತೇಹೋಗಿದ್ದೆ. ಬಾಯಿ ತೆರೆದದ್ದೇ ಗುಸುಗುಸು ಎದ್ದಿತು. "ಇದ್ಯಾಕೆ ಹಿಂಗೆ?" ಎಂದು ಯಾರೋ ಅಂದರು. ಹಿಂದಿನಿಂದ ಒಬ್ಬ, "ಅಮ್ಮಾ, ಶೀತ ಆಗಿದ್ಯಾ?" ಎಂದು ಕೂಗಿದ. ಎಲ್ಲರೂ ನಕ್ಕರು. ನಾನು ಎಷ್ಟು ವರ್ಷದಿಂದ ಹೆದರಿದ್ದೆನೋ ಆ ನಗು, ಅದೇ. ಕುರ್ಚಿಯ ಕೈ ಹಿಡಿದು ಮಾತು ಮುಂದುವರಿಸಿದೆ.

ಆಗ ನೀನು ಬಂದೆ. ಮಧ್ಯಾಹ್ನದ ತಾಲೀಮಿನಲ್ಲಿ ಗಂಟಲು ಉಳಿಸಿಕೊಳ್ಳುತ್ತೇನೆ ಎಂದು ಬರೀ ತಲೆ ಅಲ್ಲಾಡಿಸಿದ್ದೆಯಲ್ಲ, ಆದ್ದರಿಂದ ನಿರ್ದೇಶಕಿಗೂ ಏನೂ ತಿಳಿದಿರಲಿಲ್ಲ. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಹೇಳಿದೆ:

"ಅಮ್ಮಾವ್ರೇ, ಯಾರೋ ಬಂದಿದಾರೆ."

ಇಡೀ ಥಿಯೇಟರಿನ ಕತ್ತು ನಿನ್ನ ಕಡೆ ತಿರುಗಿತು. ನಗುತ್ತಿದ್ದವನ ಬಾಯಿ ತೆರೆದೇ ಇತ್ತು. ಅಲ್ಲಿಗೇ ಸಾಕಾಗಿತ್ತು ಕಣೇ. ನಾನು ಎಣಿಸಿದ್ದು ಅಷ್ಟೇ. ಆದರೆ ನಾನು ನಿನ್ನ ಕಡೆ ತಿರುಗಿ ನನ್ನ ಮಾತಿಗೆ ಬಾಯಿ ತೆರೆದೆ, "ಯಾರಾದ್ರೂ ಆಗ್ಲಿ, ಇಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಿಸಿದ್ದು ತಪ್ಪು. ಒಳಗೆ ಕರಿ." ನೀನು ನನ್ನ ತುಟಿ ನೋಡಿದೆ. ನಿನ್ನ ಬಾಯಿ ತಾನಾಗಿ ಶುರುವಾಯಿತು! ನನ್ನ ಮಾತನ್ನೇ, ನನ್ನ ಜೊತೆಗೇ, ಒಂದು ಅಕ್ಷರ ಹಿಂದೆ ಮುಂದೆ ಇಲ್ಲದೆ, ಆ ದನಿಯಲ್ಲಿ! ಬೀಸಣಿಗೆಯಲ್ಲಿ ಬಾರಿಸಲು ನಾದಿನಿ ದೂರ ಮೊದಲ ಸಾಲಿನಲ್ಲಿದ್ದಳು. ತಪ್ಪು ಗೊತ್ತಾದದ್ದೇ ನೀನು ತಟ್ಟೆಯನ್ನು ಬಾಯಿಗೆ ಅಡ್ಡ ಹಿಡಿಯಹೋದೆ, ಅದರ ಮೇಲಿನ ಕಪ್ಪುಗಳು ಗಡಗಡ ಅಂದವು.

ನಾನು ಆಗ ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಅದೇ ಮಾತನ್ನು ಇನ್ನೊಂದು ಸಲ ಆಡಿದೆ, ಸದ್ದಿಲ್ಲದೆ. ಬರೀ ತುಟಿ. ನಿನ್ನನ್ನೇ ನೋಡುತ್ತಾ. ನೀನು ಒಂದು ಕ್ಷಣ ತಡೆದು, ಆಮೇಲೆ ಪೂರ್ತಿ ಹೇಳಿದೆ, "ಒಳಗೆ ಕರಿ" ಎನ್ನುವವರೆಗೆ, ಕೊನೆಯಲ್ಲಿ ಕರವಸ್ತ್ರ ಜಾರಿದ ಹಾಗೆ.

ಮೊದಲು ಎದ್ದು ನಿಂತವನು ಶೀತದ ವಿಷಯ ಕೇಳಿದವನೇ. ಆಮೇಲೆ ಎಲ್ಲರೂ. ಎಷ್ಟು ಹೊತ್ತು ಚಪ್ಪಾಳೆ ತಟ್ಟಿದರು! ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು. ನಾನು ಕೂತಿರುವಾಗ ಇನ್ನೊಬ್ಬರಿಗೆ ಚಪ್ಪಾಳೆ ಬೀಳುವುದನ್ನು ಜೀವನದಲ್ಲಿ ಮೊದಲ ಸಲ ಕೇಳಿದೆ. ನೀನು ನಲವತ್ತೊಂದು ಸಲ ಕೇಳಿದ್ದೀಯ. ಹೇಗೆ ತಡೆದುಕೊಂಡೆಯೋ ತಾಯಿ. ಅದು ತಿಳಿದದ್ದೇ ಉರಿ ಹೋಯಿತು. ಪೂರ್ತಿ ಹೋಗಿಲ್ಲ, ಮುಕ್ಕಾಲು ಹೋಯಿತು.

ಆಮೇಲೆ ನನ್ನ ಗೇಟಿನ ಸದ್ದಿಗೆ ಯಾರೂ ನಗಲಿಲ್ಲ. ಮುಗಿದ ಮೇಲೆ ಟಿಕೆಟ್ ಗುಮಾಸ್ತ ಬಂದು ಕೈಕಟ್ಟಿ ನಿಂತ. "ಅಮ್ಮಾ, ಅವತ್ತು ಫೋನ್ ಮಾಡಿದ್ದು ನೀವೇನಾ?" ಎಂದು ಕೇಳಿದ. ಹೌದು ಎಂದೆ. "ನಾನು ಅಂದದ್ದು ತಪ್ಪಲ್ಲ ಬಿಡಿ, ಅವರು ನಿಮಗಿಂತ ಚೆನ್ನಾಗೇ ಮಾಡ್ತಾರೆ" ಎಂದು ನಿನ್ನ ಕಡೆ ಕೈ ತೋರಿಸಿದ. ಕತ್ತು ಹಿಸುಕಬೇಕೆನ್ನಿಸಿತು.

ಶನಿವಾರ ಎರಡನೇ ಪ್ರದರ್ಶನ. ಬೇಗ ಬಾ. ಗೋಡೆಯ ಮೇಲೆ ಅಂಟಿಸುವ ಕಾಗದ ಹೊಸದಾಗಿ ಅಚ್ಚಾಗುತ್ತಿದೆ. ಅದರಲ್ಲಿ ನಿನ್ನ ಹೆಸರನ್ನು ನಾನೇ ಬರೆದುಕೊಟ್ಟೆ. ನುಂಗಿಲ್ಲ.

ನಿನ್ನ,
ಕಿರೀಟ

*

ಏಪ್ರಿಲ್ 11

ಪ್ರೀತಿಯ ಕಿರೀಟ,

ಶನಿವಾರ ಬರುತ್ತೇನೆ. ಆ ಮೂರನೇ ಮೆಟ್ಟಿಲು ರಿಪೇರಿ ಮಾಡಿಸು, ಇಲ್ಲದಿದ್ದರೆ ನಾನೇ ಫೋನ್ ಮಾಡಿ ಬೈಯಬೇಕಾಗುತ್ತದೆ. ಆದರೆ ಇನ್ನು ಯಾರು ಹೆದರುತ್ತಾರೆ? ಮುಖ್ಯೋಪಾಧ್ಯಾಯಿನಿ ಪತ್ರಿಕೆಯಲ್ಲಿ ನಮ್ಮ ನಾಟಕದ ಸುದ್ದಿ ಓದಿಕೊಂಡು ನಿನ್ನೆ ಮನೆಗೇ ಬಂದಳು. ಜಗಳಕ್ಕೆ ಬಂದಳು ಎಂದು ಬಾಗಿಲ ಹಿಂದೆ ನಿಂತೆ. ಅವಳು ಹೊರಗಿನಿಂದಲೇ, "ಶಾಲೆ ಅಡುಗೆಮನೆ ಹೆಂಚು ಸೋರ್ತಿದೆ ಅಮ್ಮಾ, ಮೇಲಿನವರಿಗೆ ಒಂದು ಫೋನ್ ಮಾಡಿ ಬೈದುಕೊಡ್ತೀರಾ?" ಎಂದಳು. ಯಾರ ಹೆಸರು ಹೇಳಲಿ ಎಂದು ಕೇಳಿದೆ. "ನಿಮ್ಮದೇ" ಎಂದಳು.

ನಿನ್ನನ್ನು ಎಬ್ಬಿಸದೆ ಬಂದದ್ದಕ್ಕೆ ಸಿಟ್ಟಾಗಬೇಡ. ಎಬ್ಬಿಸಿದ್ದರೆ ಮತ್ತೆ ಅಳುತ್ತಿದ್ದೆ. ದಾರಿಯಲ್ಲಿ ನಡೆದದ್ದೊಂದನ್ನು ನಿನಗೆ ಹೇಳಲೇಬೇಕು.

ಬಸ್ಸಿನಲ್ಲಿ ನಾದಿನಿ ಒಂದು ಗಂಟೆ ಬೀಸಣಿಗೆ ಹುಡುಕಿದಳು. ಅವಳಿಗೆ ನಾಟಕದ ಒಂದು ಮಾತೂ ಕೇಳಿಸಿರಲಿಲ್ಲ, ಜನ ಎದ್ದದ್ದು ಮಾತ್ರ ಕಂಡಿತ್ತು. ಕೊನೆಗೆ ನನ್ನ ತೋಳು ತಿವಿದಳು.

"ನೀನು ಏನಂದೆ ಅಂತ ಅಷ್ಟು ಜನ ಎದ್ದು ನಿಂತ್ರು?"

"ಯಾರೋ ಬಂದಿದಾರೆ ಅಂದೆ" ಎಂದು ಅವಳ ಕಿವಿಗೇ ಬಾಯಿಟ್ಟು ಹೇಳಿದೆ.

ಹನ್ನೊಂದು ವರ್ಷ, ಎಷ್ಟೋ ನಾಟಕ, ಎಷ್ಟೋ ಊರು, ಆ ಮಾತು ಹೇಳಿ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದೆನಲ್ಲ ಕಿರೀಟ, ಅದರ ಮೇಲೆ ನನ್ನನ್ನು ಯಾರೂ ಏನೂ ಕೇಳಿದವರಿಲ್ಲ. ಇವಳು ಕೇಳಿದಳು.

"ಯಾರು ಬಂದಿದ್ರು?"

"ನಾನು" ಎಂದೆ.

"ಆಂ? ಕೇಳಿಸ್ಲಿಲ್ಲ, ಜೋರಾಗಿ ಹೇಳು."

ಹೇಳಿದೆ. ಡ್ರೈವರು ಬಸ್ಸು ನಿಲ್ಲಿಸಿ ತಿರುಗಿ ನೋಡಿದ.

ನಿನ್ನ ಪ್ರೀತಿಯ,
ತಟ್ಟೆ